ಆರಡಿ ಮೇಜಿನ ಮೇಲೆ ಶ್ರೀರಂಗಪಟ್ಟಣದ ಗಂಡಿ

ಕಳೆದ ದೀಪಾವಳಿಯ ಮರುವಾರ ಹಿಡಿದ ಕೆಲಸ ಇದು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಆಟದ ಮೇಜಿನ ಮೇಲೆ ಶ್ರೀರಂಗಪಟ್ಟಣದ ಕೋಟೆಯ ವಾಯವ್ಯ ಮೂಲೆ, ಅದರ ಮುಂದೆ ಹರಿಯುವ ಕಾವೇರಿಯ ದಕ್ಷಿಣ ಕವಲು, ಮತ್ತು 1799ರ ಮೇ 4ರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಬ್ರಿಟಿಷ್ ಮೇಜರ್ ಜನರಲ್ ಡೇವಿಡ್ ಬೇರ್ಡ್‌ನ ದಾಳಿಪಡೆ ಟಿಪ್ಪು ಸುಲ್ತಾನನ ಸೇನೆಯ ಮೇಲೆ ನುಗ್ಗಿದ ಗಂಡಿ, ಎಂದರೆ ಫಿರಂಗಿ ಗುಂಡಿಗೆ ಕೋಟೆಗೋಡೆ ಕುಸಿದು ಆದ ತೆರಪು, ಇಷ್ಟನ್ನು ಕಟ್ಟಬೇಕು. 28 ಮಿ.ಮೀ. ಎತ್ತರದ ಲೋಹದ ಸೈನಿಕರನ್ನು ಇಟ್ಟು, ದಾಳ ಎಸೆದು, ನಿಯಮ ಹಿಡಿದು ಆ ದಿನವನ್ನು ಮತ್ತೆ ಆಡುವಂತಿರಬೇಕು. ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ನೋಡುವ ಪ್ರತಿಕೃತಿ ಮಾತ್ರವಾಗಿದ್ದರೆ ನಾನು ಮಾಡಿದ ಎರಡು ದೊಡ್ಡ ತಪ್ಪುಗಳು ಹೊರಬೀಳುತ್ತಲೇ ಇರಲಿಲ್ಲ. ಎರಡೂ ನೆಲಕ್ಕೆ ಸಂಬಂಧಿಸಿದವು. ಸೈನಿಕರ ಅಂಗಿಯ ಗುಂಡಿಗಳ ಬಗ್ಗೆ ತಿಂಗಳುಗಟ್ಟಲೆ ಓದಿದವನು ಅವರ ಕಾಲ ಕೆಳಗಿನ ನೆಲವನ್ನು ಅಂದಾಜಿನಲ್ಲೇ ಬಿಟ್ಟಿದ್ದೆ.

ಮೊದಲು ಎದುರಾದದ್ದು ಅಳತೆಯ ಪ್ರಶ್ನೆ. 28 ಮಿ.ಮೀ. ಬೊಂಬೆಗಳನ್ನು ಸಾಮಾನ್ಯವಾಗಿ 1:56ರ ಪ್ರಮಾಣವೆಂದು ಹಿಡಿಯುತ್ತೇವೆ. ಬ್ರಿಟಿಷರು ಮರೆಗೆಂದು ತೋಡಿಕೊಂಡಿದ್ದ ಕಂದಕಗಳಿಂದ ನದಿಯ ದಂಡೆಗೆ ಸುಮಾರು 100 ಗಜ, ಅಲ್ಲಿಂದ ಬಂಡೆಗಳ ನದಿಪಾತ್ರ ಸುಮಾರು 280 ಗಜ. ಇದೇ ಪ್ರಮಾಣದಲ್ಲಿ ಕಟ್ಟಲು ಹೊರಟರೆ ನದಿಯೊಂದೇ ನಾಲ್ಕೂವರೆ ಮೀಟರ್ ಅಗಲವಾಗುತ್ತದೆ. ನಮ್ಮ ಮನೆಯ ನಡುಮನೆಯೂ ಅಷ್ಟಿಲ್ಲ. ಆದ್ದರಿಂದ ಎತ್ತರಕ್ಕೆ ಒಂದು ಲೆಕ್ಕ, ದೂರಕ್ಕೆ ಇನ್ನೊಂದು ಲೆಕ್ಕ ಇಟ್ಟುಕೊಳ್ಳಬೇಕಾಯಿತು. ಗೋಡೆ, ತೆನೆ (ಗೋಡೆಯ ನೆತ್ತಿಯ ಹಲ್ಲುಸಾಲು), ಫಿರಂಗಿ, ಮನುಷ್ಯರು 1:56ರಲ್ಲೇ ಉಳಿದರು. ನೆಲದ ಮೇಲಿನ ದೂರಕ್ಕೆ ಮಾತ್ರ ಒಂದು ಸೆಂಟಿಮೀಟರಿಗೆ ಐದು ಗಜವೆಂದು ನಿಗದಿಮಾಡಿದೆ. ಹಾಗೆ ಮಾಡಿದಾಗ ದಂಡೆಯವರೆಗಿನ ಬಯಲಿಗೆ 20 ಸೆಂ.ಮೀ., ನದಿಗೆ 56 ಸೆಂ.ಮೀ. ಹೋಗಿ, ಕೋಟೆಗೆ 44 ಸೆಂ.ಮೀ. ಉಳಿಯುತ್ತದೆ. ದಾಳಿಗೆ ಇಳಿದವರು ನಾಲ್ಕು ಸಾವಿರಕ್ಕೂ ಹೆಚ್ಚು ಜನ. ಒಂದು ಬೊಂಬೆಗೆ ನಲವತ್ತು ಜನರೆಂದು ಹಿಡಿದರೆ ನೂರಹತ್ತರ ಆಸುಪಾಸಿನ ಬೊಂಬೆಗಳು ಸಾಕು. ಈ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಚುಚ್ಚಬಾರದೆಂದರೆ ನದಿಯಲ್ಲಿರುವ ಬಂಡೆಗಳು ಬೊಂಬೆಯ ಮೊಣಕಾಲನ್ನು ಮೀರಬಾರದು ಎಂಬುದು ನಾನು ಪ್ರಯೋಗ ಮಾಡಿ ಕಂಡುಕೊಂಡ ನಿಯಮ. ಬಂಡೆ ಸಣ್ಣದಾದಷ್ಟೂ ನದಿ ಅಗಲವಾಗಿ ಕಾಣುತ್ತದೆ.

ತಳಕ್ಕೆ 6 ಮಿ.ಮೀ. ಪ್ಲೈವುಡ್ಡಿನ ನಾಲ್ಕು ಹಲಗೆಗಳು, ಒಂದೊಂದೂ 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ. ಒಂದೇ ಹಲಗೆ ಮಾಡಿದ್ದರೆ ನೋಡಲು ಚೆನ್ನಾಗಿರುತ್ತಿತ್ತು, ಆದರೆ ಮಹಡಿಯ ಮೆಟ್ಟಿಲು ಇಳಿಸುವುದು ಆಗದ ಮಾತು. ಅದರ ಮೇಲೆ ಛಾವಣಿಯ ಶಾಖನಿರೋಧಕ್ಕೆ ಬಳಸುವ, 50 ಮಿ.ಮೀ. ದಪ್ಪದ ಗಟ್ಟಿ ಫೋಮ್ ಹಾಳೆ. ಗಣೇಶನ ಮಂಟಪಕ್ಕೆ ಬಳಸುವ ಸಾಮಾನ್ಯ ಥರ್ಮೋಕೋಲ್ ಇದಕ್ಕೆ ಆಗುವುದಿಲ್ಲ. ಕೊಯ್ದಾಗ ಅದು ಸಾಬಕ್ಕಿಯಂತೆ ಕಾಳುಕಾಳಾಗಿ ಉದುರುತ್ತದೆ, ಅದರ ಮೇಲೆ ಕಲ್ಲಿನ ಗೆರೆ ನಿಲ್ಲುವುದಿಲ್ಲ. ಗಟ್ಟಿ ಫೋಮಿನಲ್ಲಿ ಹೊಸ ಬ್ಲೇಡಿನಿಂದ ಕೊಯ್ದರೆ ಬೆಣ್ಣೆ ಕೊಯ್ದ ಹಾಗಿರುತ್ತದೆ.

ಗೋಡೆಗೆ ಮುನ್ನ ಎರಡು ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆ. ವಾಯವ್ಯ ಮೂಲೆಯಲ್ಲಿ ಈಗ ಮುತ್ತಿಗೆಯ ನೆನಪಿನ ಸ್ತಂಭವಿದೆ. ಅಲ್ಲಿಂದ ಗೋಡೆಗುಂಟ ನಡೆದು, ಜೊತೆಗೆ ಬಂದಿದ್ದ ತಮ್ಮನನ್ನು ಅಲ್ಲಲ್ಲಿ ಗೋಡೆಗೆ ಒರಗಿ ನಿಲ್ಲಿಸಿ ಚಿತ್ರ ತೆಗೆದುಕೊಂಡೆ. ಆಳೆತ್ತರ ಗೊತ್ತಿದ್ದರೆ ಚಿತ್ರದಲ್ಲೇ ಗೋಡೆಯ ಎತ್ತರವನ್ನೂ ಒಂದೊಂದು ಕಲ್ಲಿನ ಅಳತೆಯನ್ನೂ ಲೆಕ್ಕಹಾಕಬಹುದು. ನಾನು ಕಟ್ಟಿದ ಹೊರಗೋಡೆ 13 ಸೆಂ.ಮೀ. ಎತ್ತರವಿದೆ, ಎಂದರೆ ನಿಜದಲ್ಲಿ ಏಳು ಮೀಟರಿಗೆ ತುಸು ಮೇಲೆ. ಆ ಗೋಡೆಯ ಕಲ್ಲು ಒಂದೇ ಅಳತೆಯದಲ್ಲ. ಉದ್ದನೆಯ ಕಣಶಿಲೆಯ ದಿಂಡುಗಳು ಅಡ್ಡಲಾಗಿ ಮಲಗಿವೆ, ಅವುಗಳ ನಡುವೆ ಒಳಮುಖವಾಗಿ ಸೇರಿಸಿದ ಕಲ್ಲುಗಳ ತುದಿ ಮಾತ್ರ ಚೌಕವಾಗಿ ಕಾಣುತ್ತದೆ. ಮೊದಲ ತುಂಡಿನಲ್ಲಿ ನಾನು ಇಟ್ಟಿಗೆಯ ಗೋಡೆಯಂತೆ ಸಮನಾದ ಚೌಕಗಳನ್ನು ಗೀರಿದ್ದೆ. ಅದು ಯಾವುದೋ ಊರಿನ ಹೊಸ ಕಾಂಪೌಂಡಿನಂತೆ ಕಂಡಿತು. ಅದನ್ನು ಎಸೆದು, ಚಿತ್ರವನ್ನು ಮುಂದಿಟ್ಟುಕೊಂಡು, ಮಸಿ ತೀರಿದ ಬಾಲ್‌ಪೆನ್ನಿನಿಂದ ಸಾಲು ಸಾಲಾಗಿ ಮತ್ತೆ ಗೀರಿದೆ. ಗೀರಿದ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಒರಟಾಗಿ ಮುದ್ದೆ ಕಟ್ಟಿ ಮೇಲೆ ಉರುಳಿಸಿದರೆ ಕಲ್ಲಿನ ಮೈಯ ತರಿ ಮೂಡುತ್ತದೆ. ಕೆಲವು ಕಲ್ಲುಗಳನ್ನು ಬೆರಳಿನಿಂದ ಒಂದು ಕೂದಲೆಳೆಯಷ್ಟು ಒಳಕ್ಕೆ ಒತ್ತಿದೆ. ಬಣ್ಣ ಬಿದ್ದ ಮೇಲೆ ಆ ಕಲ್ಲುಗಳ ಅಂಚಿಗೆ ತಾನಾಗಿ ನೆರಳು ಬಿದ್ದು ಗೋಡೆ ಹಳೆಯದಾಯಿತು.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಒಂದು ಮಾತನ್ನು ಇಲ್ಲೇ ಹೇಳಬೇಕು. ಫೋಮಿಗೆ ನೇರವಾಗಿ ಸ್ಪ್ರೇ ಡಬ್ಬಿಯ ಬಣ್ಣ ಹೊಡೆಯಬಾರದು, ಫೆವಿಕ್ವಿಕ್‌ನಂಥ ಅಂಟನ್ನೂ ತಾಗಿಸಬಾರದು. ಅವು ಫೋಮಿನ ಪಾಲಿಸ್ಟೈರೀನನ್ನು ಕರಗಿಸುತ್ತವೆ. ಒಂದು ಕೊತ್ತಲದ ಮೂಲೆಯನ್ನು ನಾನು ಹೀಗೆಯೇ ಕಳೆದುಕೊಂಡೆ. ಈಗ ಮೊದಲು ಫೆವಿಕಾಲ್, ಕಪ್ಪು ಪೋಸ್ಟರ್ ಬಣ್ಣ ಮತ್ತು ನೀರನ್ನು ಕಲಸಿ ಎರಡು ಕೈ ಬಳಿದು, ಇಡೀ ರಾತ್ರಿ ಒಣಗಿಸಿ, ನಂತರವೇ ಉಳಿದ ಬಣ್ಣ. ಕಪ್ಪಿನ ಮೇಲೆ ಕಂದು ಬೆರೆತ ಬೂದು, ಅದರ ಮೇಲೆ ಒಣ ಕುಂಚದಿಂದ ತಿಳಿ ಬೂದು, ಕೊನೆಗೆ ತೆನೆಗಳ ಕೆಳಗೆ ಮಳೆನೀರು ಇಳಿದ ಕಪ್ಪು ಪಟ್ಟೆಗಳು.

ಗಂಡಿಯ ಇಳಿಜಾರಿಗೆ ಒಂದು ವಾರ ಹಿಡಿಯಿತು. ಫಿರಂಗಿ ಗುಂಡಿಗೆ ಕುಸಿದ ಗೋಡೆ ಮರಳಿನ ದಿಬ್ಬದಂತೆ ನುಣುಪಾಗಿ ಬೀಳುವುದಿಲ್ಲ. ಗೋಡೆಯ ಹೊರಮೈಯ ದೊಡ್ಡ ಕಲ್ಲುಗಳು ಮೊದಲು ಉರುಳಿ ಗೋಡೆಯ ಬುಡದ ಅಗಳಿಗೆ ಬೀಳುತ್ತವೆ. ಹಿಂದೆ ತುಂಬಿದ್ದ ಮಣ್ಣು ಅವುಗಳ ಮೇಲೆ ಜಾರಿ ಇಳಿಜಾರಾಗುತ್ತದೆ. ಅದೇ ಕ್ರಮದಲ್ಲಿ ಕಟ್ಟಿದೆ. ಗೀರಿದ ಫೋಮಿನ ದಿಂಡುಗಳು ತಳದಲ್ಲಿ, ಮೇಲೆ ಜರಡಿ ಹಿಡಿದ ಕೆಮ್ಮಣ್ಣು, ಒಣಗಿದ ಚಹಾದ ಚರಟ, ಒಡೆದ ಮಡಕೆಯ ಚೂರು, ಎಲ್ಲಕ್ಕೂ ತೆಳು ಫೆವಿಕಾಲ್ ನೀರು. ಬೊಂಬೆಯ ಪೀಠ ಜಾರದೆ ನಿಲ್ಲಲು ಇಳಿಜಾರಿನಲ್ಲಿ ಅಲ್ಲಲ್ಲಿ 25 ಮಿ.ಮೀ. ಅಗಲದ ಸಮತಟ್ಟು ಬಿಡಬೇಕು. ಅದು ಮೆಟ್ಟಿಲಿನಂತೆ ಕಾಣದಿರಲು ಪ್ರತಿಯೊಂದರ ಅಂಚಿಗೂ ಒಂದೊಂದು ಕಲ್ಲನ್ನು ಕೂರಿಸಿದೆ.

ನದಿಯ ವಿಷಯಕ್ಕೆ ಬರುತ್ತೇನೆ. ನನ್ನ ಮನಸ್ಸಿನಲ್ಲಿದ್ದ ಕಾವೇರಿ ಆಷಾಢದ ಕಾವೇರಿ, ದಡದಿಂದ ದಡಕ್ಕೆ ತುಂಬಿದ ಹಸಿರುಗಂದು ನೀರು. ಅದನ್ನೇ ಮಾಡಲು ಎರಡು ಲೀಟರಿನಷ್ಟು ಎಪಾಕ್ಸಿ ರೆಸಿನ್ ತಂದು, ಬಣ್ಣ ಬೆರೆಸಿ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ದಾಳಿಕಾರರ ಬದಿಯ ಹಲಗೆಗೆ ಒಂದೇ ಸಲಕ್ಕೆ ಸುರಿದುಬಿಟ್ಟೆ. ಮಡುಗಳಿರುವ ಕಡೆ ಎರಡು ಸೆಂಟಿಮೀಟರ್ ಆಳವಿತ್ತು. ರೆಸಿನ್ ಗಟ್ಟಿಯಾಗುವಾಗ ತಾನೇ ಶಾಖ ಹೊರಡಿಸುತ್ತದೆ. ಪದರ ದಪ್ಪವಾದಷ್ಟೂ ಆ ಶಾಖ ಹೊರಹೋಗಲು ದಾರಿಯಿಲ್ಲದೆ ಇನ್ನೂ ಬೇಗ ಗಟ್ಟಿಯಾಗಿ, ಇನ್ನೂ ಹೆಚ್ಚು ಕಾಯುತ್ತದೆ. ಮುಕ್ಕಾಲು ಗಂಟೆಯೊಳಗೆ ಹಲಗೆಯ ಅಡಿಯನ್ನು ಮುಟ್ಟಿದಾಗ ಕೈ ಹಿಂದೆಗೆದೆ. ಮಡುಗಳ ಕೆಳಗಿನ ಫೋಮ್ ಮೆತ್ತಗಾಗಿ ಕುಸಿದು, ಮೇಲ್ಮೈ ಅಲೆಅಲೆಯಾಗಿ, ಅಲ್ಲಲ್ಲಿ ಹಳದಿ ತಿರುಗಿತ್ತು. ಹಲಗೆಗಳ ನಡುವಿನ ಸಂದಿಗೆ ಅಂಟಿಸಿದ್ದ ಟೇಪು ಬಿಸಿಗೆ ಬಿಟ್ಟುಕೊಂಡು ನೆಲದ ಮೇಲೂ ಒಂದು ಕೈಯಗಲದಷ್ಟು ಹರಿದಿತ್ತು.

ಅದನ್ನು ಸರಿಪಡಿಸುವ ದಾರಿ ಹುಡುಕುತ್ತಾ ಮತ್ತೆ ಮುತ್ತಿಗೆಯ ವಿವರಗಳನ್ನು ಓದಲು ಕುಳಿತಾಗ ಕೆಟ್ಟದ್ದು ರೆಸಿನ್ ಮಾತ್ರವಲ್ಲ ಎಂಬುದು ಅರ್ಥವಾಯಿತು. ಬ್ರಿಟಿಷ್ ಸೇನಾಪತಿ ಜನರಲ್ ಹ್ಯಾರಿಸ್‌ನ ಸೇನೆ ಏಪ್ರಿಲ್ 5ರಂದು ಕೋಟೆಯೆದುರು ಬಂದು ನಿಂತಾಗಿನಿಂದ ಎರಡೂ ಪಕ್ಷಗಳು ಲೆಕ್ಕ ಹಾಕುತ್ತಿದ್ದದ್ದು ಮುಂಗಾರನ್ನು. ಮಳೆ ಹಿಡಿದು ಹೊಳೆ ಏರಿದರೆ ದಾಟುವುದು ಅಸಾಧ್ಯ, ಮುತ್ತಿಗೆ ಹಾಕಿದವರಲ್ಲಿ ಧಾನ್ಯವೂ ಮುಗಿಯುತ್ತಾ ಬಂದಿತ್ತು. ಮೇ ಮೊದಲ ವಾರದ ಆ ಹೊಳೆ ಬೇಸಿಗೆಯ ಹೊಳೆ. ಬಂಡೆಗಳ ನಡುವೆ ಎಲ್ಲೋ ಪಾದ ಮುಳುಗುವಷ್ಟು, ಎಲ್ಲೋ ಸೊಂಟದವರೆಗೆ ನೀರು. ಇಂದು ಮೇಲೆ ಕನ್ನಂಬಾಡಿ ಕಟ್ಟೆ ಇರುವುದರಿಂದ ಈಗ ದಡದಲ್ಲಿ ನಿಂತು ನೋಡಿದ ನೀರಿನ ಮಟ್ಟ ಆ ದಿನದ ಸಾಕ್ಷಿಯಾಗಲಾರದು. ಆದರೆ ಬಂಡೆಗಳು ಅವೇ. ನಾನು ಸುರಿದಿದ್ದ ತುಂಬು ಹೊಳೆ ನಿಜವಾಗಿದ್ದರೆ ಆ ದಾಳಿಯೇ ನಡೆಯುತ್ತಿರಲಿಲ್ಲ.

ಹಾಗಾಗಿ ದುರಸ್ತಿ ಕೈಬಿಟ್ಟು ಹೊಸದಾಗಿ ಮಾಡಿದೆ. ರೆಸಿನ್ ಹಿಡಿದಿದ್ದ ಫೋಮನ್ನು ಗರಗಸದಿಂದ ಪ್ಲೈವುಡ್ಡಿನವರೆಗೆ ಕೊಯ್ದು ತೆಗೆದೆ, ಗಟ್ಟಿಯಾದ ತುಂಡುಗಳ ಅಂಚು ಗಾಜಿನಂತೆ ಕೊಯ್ಯುವುದರಿಂದ ದಪ್ಪ ಕೈಗವಸು ಹಾಕಿಕೊಂಡೇ. ಹೊಸ ಫೋಮಿನಲ್ಲಿ ನದಿಪಾತ್ರವನ್ನು 15 ಮಿ.ಮೀ. ಮಾತ್ರ ತಗ್ಗಿಸಿದೆ. ಜಲ್ಲಿ ಕ್ವಾರಿಯಿಂದ ತಂದ ಕಲ್ಲುಪುಡಿಯನ್ನು ಅಡುಗೆಮನೆಯ ಮೂರು ಜರಡಿಗಳಲ್ಲಿ ಹಿಡಿದು ಮೂರು ಗಾತ್ರ ಮಾಡಿಕೊಂಡೆ: ಅವರೆಕಾಳಿನಷ್ಟು, ಕಡಲೆಬೇಳೆಯಷ್ಟು, ರವೆಯಷ್ಟು. ಹೊಳೆಯ ಬಂಡೆಗಳನ್ನು ಚೆಲ್ಲಿದಂತೆ ಇಡುವುದು ತಪ್ಪು. ನೀರು ಅವನ್ನು ಸಾಲು ಹಿಡಿಸಿರುತ್ತದೆ. ದೊಡ್ಡ ಬಂಡೆಯ ಮೇಲ್ಮುಖದಲ್ಲಿ ಸಣ್ಣ ಕಲ್ಲು ತಂಗಿರುತ್ತದೆ, ಕೆಳಮುಖದಲ್ಲಿ ಮರಳಿನ ಬಾಲ ಎಳೆದಿರುತ್ತದೆ. ಇದನ್ನು ಪಶ್ಚಿಮವಾಹಿನಿಯ ಮೆಟ್ಟಿಲ ಮೇಲೆ ಕುಳಿತು ಒಂದು ಗಂಟೆ ನೋಡಿ ಕಲಿತೆ. ಮೇಲ್ಮೈಯ ಅರ್ಧಕ್ಕೂ ಹೆಚ್ಚು ಈಗ ಬಂಡೆ ಮತ್ತು ಮರಳು. ಆಳವಿಲ್ಲದ ಕಡೆ ನೀರಿಗೆ ಹೊಳಪಿನ ವಾರ್ನಿಷ್ ನಾಲ್ಕು ಕೈ. ಸೊಂಟದ ಮಟ್ಟದ ಮಡುಗಳಿಗೆ ಮಾತ್ರ ರೆಸಿನ್, ಅದೂ ಎರಡು ಮಿಲಿಮೀಟರಿನ ಪದರ, ಒಂದು ದಿನದ ಬಿಡುವು, ಮತ್ತೆ ಎರಡು ಮಿಲಿಮೀಟರ್, ಬೆಳಗಿನ ತಂಪಿನಲ್ಲಿ. ಬಂಡೆಯ ಬಣ್ಣದಲ್ಲಿ ನೀರು ಇಳಿದ ಗುರುತಾಗಿ ಕೆಳಭಾಗ ಕಪ್ಪು, ಮೇಲ್ಭಾಗ ಬಿಸಿಲಿಗೆ ಬೆಳ್ಳಗೆ. ಈ ಎರಡು ಬಣ್ಣದ ಗೆರೆಯೊಂದೇ ಬೇಸಿಗೆಯನ್ನು ಹೇಳಿಬಿಡುತ್ತದೆ.

ಆಟಕ್ಕೂ ಇದರಿಂದ ಲಾಭವಾಯಿತು. ಮರಳಿನ ಮೇಲೆ ಪೂರ್ಣ ನಡಿಗೆ, ವಾರ್ನಿಷ್ ಹಾಕಿದ ನೀರಿನಲ್ಲಿ ಮುಕ್ಕಾಲು, ರೆಸಿನ್ ಮಡುವಿನಲ್ಲಿ ಅರ್ಧ. ಮಡುವಿಗೆ ಇಳಿದ ತುಕಡಿಯ ಮದ್ದು ನೆನೆಯಿತೇ ಇಲ್ಲವೇ ಎಂಬುದಕ್ಕೆ ಒಂದು ದಾಳ. ನಿಯಮ ಪುಸ್ತಕದಲ್ಲಿ ಹುಡುಕುವ ಅಗತ್ಯವಿಲ್ಲದೆ ನೆಲವನ್ನು ನೋಡಿದರೇ ತಿಳಿಯುತ್ತದೆ.

ನದಿ ಒಣಗುವ ದಿನಗಳಲ್ಲಿ ಬೊಂಬೆಗಳ ಕೆಲಸ ನಡೆಯಿತು. ದಾಳಿಕಾರರ ಪಕ್ಷಕ್ಕೆ ನನ್ನ ಬಳಿ ಇದ್ದವು ನೆಪೋಲಿಯನ್ ಕಾಲದ ಬ್ರಿಟಿಷ್ ಪದಾತಿಗಳು. ಕೊಳವೆಯಂಥ ಎತ್ತರದ ಶ್ಯಾಕೊ ಟೋಪಿ ಬ್ರಿಟಿಷ್ ಸೇನೆಗೆ ಬಂದದ್ದು 1800ರಲ್ಲಿ, ಎಂದರೆ ಈ ಯುದ್ಧ ಮುಗಿದ ಮೇಲೆ. ಭಾರತದಲ್ಲಿದ್ದ ಯುರೋಪಿಯನ್ ರೆಜಿಮೆಂಟುಗಳಲ್ಲಿ ಆಗ ಸಾಮಾನ್ಯವಾಗಿದ್ದದ್ದು ಅಗಲ ಅಂಚಿನ ದುಂಡು ಟೋಪಿ. ಆದ್ದರಿಂದ ಒಂದೊಂದು ಬೊಂಬೆಯ ಟೋಪಿಯನ್ನೂ ಹುಬ್ಬಿನ ಮೇಲೆ ಸಣ್ಣ ಗರಗಸದಿಂದ ಅರ್ಧಕ್ಕೆ ಕೊಯ್ದು, ಮೇಲ್ತುದಿಯನ್ನು ಅರದಿಂದ ಉಜ್ಜಿ ಗುಂಡಾಗಿಸಿ, ಎಂ-ಸೀಲನ್ನು ದಾರದಂತೆ ಹೊಸೆದು ಸುತ್ತಲೂ ಅಂಚು ಕೂರಿಸಿದೆ. ಎಂ-ಸೀಲ್ ಕಲಸಿದ ಇಪ್ಪತ್ತು ನಿಮಿಷದೊಳಗೆ ಕೆಲಸ ಮುಗಿಯಬೇಕು, ಒಂದು ಸಲಕ್ಕೆ ನಾಲ್ಕಕ್ಕಿಂತ ಹೆಚ್ಚು ತಲೆ ಆಗುವುದಿಲ್ಲ. ಉಪಕರಣಕ್ಕೆ ಅಂಟದಿರಲು ನೀರಿಗಿಂತ ಒಂದು ಹನಿ ಕೊಬ್ಬರಿ ಎಣ್ಣೆ ಮೇಲು, ಆದರೆ ಬಣ್ಣಕ್ಕೆ ಮುಂಚೆ ಸೋಪುನೀರಿನಲ್ಲಿ ತೊಳೆಯಬೇಕು. ಅರವತ್ತು ತಲೆಗಳಿಗೆ ಮೂರು ವಾರ. ಬೇರ್ಡ್‌ನ ಬೊಂಬೆಯನ್ನು ಪ್ರತ್ಯೇಕವಾಗಿ, ಕತ್ತಿ ಎತ್ತಿದ ಭಂಗಿಯಲ್ಲಿ ಮಾಡಿದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಮೈಸೂರು ಸೇನೆಗೆ ಸೆರೆಸಿಕ್ಕು ಇದೇ ಶ್ರೀರಂಗಪಟ್ಟಣದಲ್ಲಿ 1784ರವರೆಗೆ ಬಂದಿಯಾಗಿದ್ದವನು, ಹದಿನೈದು ವರ್ಷದ ನಂತರ ಕಂದಕದಿಂದ ಮೊದಲು ಮೇಲೆದ್ದು ನಿಂತ.

ಮೈಸೂರಿನ ಪಡೆಗೆ ನಾನು ಹೆಚ್ಚು ಸಮಯ ಕೊಟ್ಟೆ, ಕೊಡಲೇಬೇಕಿತ್ತು. ಮಾರುಕಟ್ಟೆಯಲ್ಲಿ ಈ ಯುದ್ಧದ ಬೊಂಬೆಗಳ ಪೆಟ್ಟಿಗೆ ತೆರೆದರೆ ಬ್ರಿಟಿಷ್ ಸೈನಿಕನ ಮುಖದಲ್ಲಿ ಗಾಯದ ಗುರುತು ಕೂಡ ಕೆತ್ತಿರುತ್ತಾರೆ, ಎದುರಿನವನಿಗೆ ಒಂದೇ ಮುಖ, ಒಂದೇ ಮೀಸೆ. ತರಬೇತಿ, ಕವಾಯತು, ಸಮವಸ್ತ್ರ ಎಲ್ಲ ಇದ್ದ ಸೇನೆಯದು. ಕಷೂನ್ ಎಂಬ ದಳಗಳಾಗಿ ಸಂಘಟಿತವಾಗಿ, ಪ್ರತಿ ಕಷೂನಿಗೂ ರಾಕೆಟ್ ಹಾರಿಸುವವರ ತಂಡವಿದ್ದ ಸೇನೆ. ಖಾಯಂ ಪದಾತಿಯ ಅಂಗಿಯನ್ನು ಬ್ರಿಟಿಷರೇ ಬರೆದಿಟ್ಟಿದ್ದಾರೆ: ನೇರಳೆ ಬಣ್ಣದ ಬಟ್ಟೆ, ಅದರ ಮೇಲೆ ಬಿಳಿಯ ವಜ್ರಾಕಾರದ ಚುಕ್ಕೆಗಳು, ಹುಲಿಯಂಗಿ ಎಂದು ಅದರ ಹೆಸರು, ತಲೆಗೆ ಕೆಂಪು ಮಸ್ಲಿನ್ ಪೇಟ, ಸೊಂಟಕ್ಕೆ ಅದೇ ಬಣ್ಣದ ಪಟ್ಟಿ, ಕಾಲು ಬರಿದು, ಪಾದಕ್ಕೆ ಚಪ್ಪಲಿ. ದೂರದಿಂದ ಚುಕ್ಕೆಯಾಗಿ ಕಂಡದ್ದು ಬಬ್ರಿ ಎಂಬ ಹುಲಿಪಟ್ಟೆ, ಟಿಪ್ಪುವಿನ ಕತ್ತಿಯ ಹಿಡಿಯಲ್ಲೂ ಫಿರಂಗಿಯ ಮೈಯಲ್ಲೂ ಇರುವ ಅದೇ ಗುರುತು.

ಅದನ್ನು ಒಂದು ಸೆಂಟಿಮೀಟರ್ ಎತ್ತರದ ಅಂಗಿಯ ಮೇಲೆ ಬರೆಯುವುದು ಈ ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ. ನೇರಳೆಯನ್ನು ಸಿದ್ಧ ಬಾಟಲಿಯಿಂದ ತೆಗೆದರೆ ಅದು ಜಾತ್ರೆಯ ಪೀಪಿಯಂತೆ ಹೊಳೆಯುತ್ತದೆ. ಗಾಢ ಕೆಂಪಿಗೆ ನೀಲಿ, ಒಂದು ಚೂರು ಕಪ್ಪು ಸೇರಿಸಿ ಕಳಿತ ನೇರಳೆ ಹಣ್ಣಿನ ಸಿಪ್ಪೆಯ ಬಣ್ಣಕ್ಕೆ ತಂದುಕೊಂಡೆ. ಪಟ್ಟೆಗೆ ಅಚ್ಚ ಬಿಳಿ ಬೇಡ. ಬೆರಳ ತುದಿಯಷ್ಟು ಹಳದಿ ಬೆರೆಸಿದ ದಂತದ ಬಿಳಿ ಬೇಕು. ಕುಂಚದ ತುದಿಯನ್ನು ಮೊದಲು ಹಗುರಾಗಿ ಮುಟ್ಟಿಸಿ, ನಡುವೆ ಒಂದಿಷ್ಟು ಒತ್ತಿ, ಮತ್ತೆ ಹಗುರಾಗಿ ಎತ್ತಿದರೆ ಎರಡೂ ತುದಿ ಚೂಪಾದ, ನಡು ಉಬ್ಬಿದ ಎಲೆಯಾಕಾರ ತಾನಾಗಿ ಮೂಡುತ್ತದೆ. ಅಂಗಿಯ ಮಡಿಕೆ ಎಲ್ಲಿ ತಿರುಗುತ್ತದೋ ಪಟ್ಟೆಯೂ ಅಲ್ಲಿ ತಿರುಗಬೇಕು. ಎದೆಗೆ ಹತ್ತು ಹನ್ನೆರಡು, ಬೆನ್ನಿಗೆ ಅಷ್ಟೇ, ತೋಳುಗಳಿಗೆ ಐದೈದು. ಇಪ್ಪತ್ತನಾಲ್ಕು ಅಂಗಿಗಳು ಮುಗಿಯುವ ಹೊತ್ತಿಗೆ ಕೈ ತಾನೇ ನಡೆಯುತ್ತಿತ್ತು. ಮೈಬಣ್ಣಕ್ಕೂ ಒಂದೇ ಕಂದು ಬಳಿಯಲಿಲ್ಲ. ಹವ್ಯಾಸದ ಬಣ್ಣಗಳಲ್ಲಿ ಚರ್ಮದ ಬಣ್ಣವೆಂದು ಬರುವ ಬಾಟಲಿ ಯುರೋಪಿನವರದು. ನಮ್ಮವರಿಗಾಗಿ ಐದು ಛಾಯೆಗಳನ್ನು ನಾನೇ ಬೆರೆಸಿ ಸಣ್ಣ ಡಬ್ಬಿಗಳಲ್ಲಿ ಇಟ್ಟುಕೊಂಡಿದ್ದೇನೆ.

ಭಂಗಿಗಳಿಗಾಗಿ ದರಿಯಾ ದೌಲತ್ ಬಾಗ್‌ನ ಪಶ್ಚಿಮ ಗೋಡೆಯ ಚಿತ್ರವನ್ನು ಮತ್ತೆ ಮತ್ತೆ ನೋಡಿದೆ. 1784ರಲ್ಲಿ ಕಟ್ಟಿದ ಆ ಬೇಸಿಗೆ ಅರಮನೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ನಡುವೆ ಚೌಕ ಕಟ್ಟಿ ನಿಂತ ಕೆಂಪಂಗಿಗಳು, ಪಲ್ಲಕ್ಕಿಯಲ್ಲಿ ಗಾಯಗೊಂಡ ಬ್ರಿಟಿಷ್ ದಳಪತಿ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ. ಮುಂದಿನ ಕಾಲದಲ್ಲಿ ಮರುಬಣ್ಣ ಕಂಡ ಚಿತ್ರವಾದ್ದರಿಂದ ಬಟ್ಟೆಯ ಬಣ್ಣಕ್ಕೆ ಅದನ್ನೇ ಕಡೆಯ ಮಾತಾಗಿ ಹಿಡಿಯಲಿಲ್ಲ. ಆದರೆ ಕುದುರೆ ಓಡುವ, ಮನುಷ್ಯ ಬಾಗುವ, ಗುಂಪು ಒತ್ತುವ ರೀತಿ ಅಲ್ಲಿದೆ.

ರಾಕೆಟ್‌ಗಳ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಪೆಟ್ಟಿಗೆಯಲ್ಲಿ ಬಂದದ್ದು ದೀಪಾವಳಿಯ ರಾಕೆಟ್ಟಿನಂತೆ ದಪ್ಪ ತಲೆ, ಗಿಡ್ಡ ಕಡ್ಡಿ. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ, ಎಂದರೆ ಹಳೆಯ ಬಿದನೂರಿನಲ್ಲಿ, ಹೂಳು ತುಂಬಿದ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ರಾಜ್ಯದ ಪುರಾತತ್ವ ಇಲಾಖೆ ಹೊರತೆಗೆಯಿತು. ಗೇಣಿಗಿಂತ ತುಸು ಉದ್ದದ ಕಬ್ಬಿಣದ ಕೊಳವೆಗಳು ಅವು. ಕಾಗದ ಅಥವಾ ಬಿದಿರಿನ ಕೊಳವೆಯ ಬದಲು ಕಬ್ಬಿಣ ಬಳಸಿದ್ದೇ ಮೈಸೂರಿನವರ ಹೆಚ್ಚುಗಾರಿಕೆ. ಮದ್ದು ಹೆಚ್ಚಿನ ಒತ್ತಡದಲ್ಲಿ ಉರಿದರೂ ಕೊಳವೆ ಸೀಳದೆ ದೂರ ಒಯ್ಯುತ್ತಿತ್ತು. 25 ಸೆಂ.ಮೀ. ಉದ್ದ, 5 ಸೆಂ.ಮೀ. ದಪ್ಪವೆಂದು ಹಿಡಿದರೆ 1:56ರಲ್ಲಿ ನಾಲ್ಕೂವರೆ ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರಿಗೂ ಕಡಿಮೆ ದಪ್ಪ. 20 ಗೇಜಿನ ತಂತಿ ಅಳತೆಗೆ ಸರಿ, ಆದರೆ ಮೇಜಿನ ಮೇಲೆ ಕಾಣುವುದೇ ಇಲ್ಲ. 18 ಗೇಜಿನ ತಂತಿಯನ್ನು ಕತ್ತರಿಸಿ ಸ್ವಲ್ಪ ದೊಡ್ಡದು ಮಾಡಲು ಒಪ್ಪಿಕೊಂಡೆ. ಬಿದಿರಿನ ಬಾಲಕ್ಕೆ ತೆಂಗಿನ ಗರಿಯ ಕಡ್ಡಿ. ಹೊಸ ಪೊರಕೆಯಿಂದ ತುದಿಭಾಗದ ಕಡ್ಡಿಗಳನ್ನು ಆರಿಸಿ, ಬ್ಲೇಡಿನಿಂದ ಹೆರೆದು, 45 ಮಿ.ಮೀ. ಉದ್ದಕ್ಕೆ ಕತ್ತರಿಸಿದೆ. ತಂತಿಯನ್ನು ಕಡ್ಡಿಯ ತುದಿಗೆ ಅಂಟಿಸಿ, ಹೊಲಿಗೆ ದಾರದ ಒಂದೇ ಎಳೆಯಿಂದ ಎರಡು ಕಡೆ ಸುತ್ತಿದರೆ ಚಕ್ಕಳದಿಂದ ಬಿಗಿದಂತೆ ಕಾಣುತ್ತದೆ. ಕೆಲವಕ್ಕೆ ಬಿದಿರಿನ ಬದಲು ಕತ್ತಿಯ ಅಲಗು ಕಟ್ಟುತ್ತಿದ್ದರು. ತಗಡಿನ ಚೂರಿನಿಂದ ಅಂಥವನ್ನೂ ಮೂರು ಮಾಡಿದೆ. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಬ್ರಿಟಿಷ್ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ತುಕಡಿ ಕತ್ತಲಲ್ಲಿ ದಿಕ್ಕೆಟ್ಟು ಹಿಂದೆ ಸರಿದದ್ದು ಇವುಗಳ ಎದುರು.

ಮೊದಲ ಪ್ರಯೋಗದ ಆಟವನ್ನು ಮೂವರು ಗೆಳೆಯರೊಂದಿಗೆ ಜೂನ್‌ನಲ್ಲಿ ಆಡಿದೆವು. ಕೋಟೆಯ ಪಕ್ಷಕ್ಕೆ ಆರಂಭದಲ್ಲಿ ದಳಪತಿ ಇರಲಿಲ್ಲ, ಏಕೆಂದರೆ ಅಲ್ಲಿನ ರಕ್ಷಣೆಯ ಹೊಣೆ ಹೊತ್ತಿದ್ದ ಸೈಯದ್ ಗಫಾರ್ ಅದೇ ದಿನ ದಾಳಿಗೆ ಮೊದಲೇ ಫಿರಂಗಿ ಗುಂಡಿಗೆ ಬಲಿಯಾಗಿದ್ದ. ಟಿಪ್ಪು ಸುಲ್ತಾನ್ ಉತ್ತರದ ಗೋಡೆಯ ಕಡೆಯಿಂದ ಬರುವುದಕ್ಕೆ ದಾಳ. ದಾಳಿಕಾರರು ಮೂರೇ ಸರದಿಯಲ್ಲಿ ಹೊಳೆ ದಾಟಿದರು, ನಾಲ್ಕನೆಯದರಲ್ಲಿ ಗಂಡಿಯ ನೆತ್ತಿಗೇರಿದರು. ಅಲ್ಲಿಯವರೆಗೆ ಸರಿಯೇ, ನಿಜದಲ್ಲೂ ಕಂದಕ ಬಿಟ್ಟ ಹತ್ತು ನಿಮಿಷದೊಳಗೆ ಅವರ ಬಾವುಟ ಅಲ್ಲಿತ್ತು. ಆದರೆ ಐದನೆಯ ಸರದಿಯಲ್ಲಿ ಅವರು ಇಳಿಜಾರಿನ ಆಚೆ ಇಳಿದು ನೇರವಾಗಿ ಊರೊಳಗೆ ನಡೆದುಬಿಟ್ಟರು, ಆಟ ಮುಗಿಯಿತು. ಹಾಗೆ ಆಗಿರಲಿಲ್ಲ. ದಾಳಿಕಾರರು ಗಂಡಿಯ ಮೇಲೆ ಎರಡಾಗಿ ಕವಲೊಡೆದು, ಶೆರ್‌ಬ್ರೂಕ್‌ನ ಸಾಲು ಬಲಕ್ಕೆ ದಕ್ಷಿಣದ ಗೋಡೆಗುಂಟ, ಡನ್‌ಲಪ್‌ನ ಸಾಲು ಎಡಕ್ಕೆ ಉತ್ತರದ ಗೋಡೆಗುಂಟ ಹೋಯಿತು. ಎಡದ ಸಾಲು ಅಡ್ಡಗೋಡೆಗಳ ಹಿಂದಿನ ಮೈಸೂರು ಸೈನಿಕರೆದುರು ಸಿಕ್ಕಿಕೊಂಡಿತು, ಡನ್‌ಲಪ್ ಮೊದಲಲ್ಲೇ ಗಾಯಗೊಂಡ. ಅವರು ಗೋಡೆಯ ಮೇಲೆಯೇ ಉಳಿದದ್ದೇಕೆ?

ಒಳಗೆ ಇನ್ನೊಂದು ಅಗಳಿತ್ತು, ಅದರಾಚೆ ಇನ್ನೊಂದು ಗೋಡೆ. ನಾನು ಹೊರಗೋಡೆಯ ಹಿಂದೆ 44 ಸೆಂಟಿಮೀಟರಿನಲ್ಲಿ ಉಳಿದ ಜಾಗವನ್ನೆಲ್ಲ ಗಟ್ಟಿ ಫೋಮಿನಿಂದ ತುಂಬಿ ಮೇಲೆ ಹುಲ್ಲು ಉದುರಿಸಿದ್ದೆ. ಗಂಡಿಯ ನೆತ್ತಿಗೆ ಬಂದ ದಾಳಿಕಾರರು ಎದುರು ಕಂಡದ್ದು ಆಳವಾದ, ನೀರು ನಿಂತ ಅಗಳನ್ನು, ಆಚೆ ದಡದಿಂದ ಬರುವ ಗುಂಡುಗಳನ್ನು. ಹನ್ನೆರಡನೆಯ ರೆಜಿಮೆಂಟಿನ ಒಂದು ತುಕಡಿ ಅದನ್ನು ದಾಟಿದ್ದು ಕೆಲಸದಾಳುಗಳ ಓಡಾಟಕ್ಕೆಂದು ಅಗೆಯದೆ ಉಳಿಸಿದ್ದ ಕಿರಿದಾದ ಮಣ್ಣಿನ ದಾರಿಯ ಮೇಲೆ. ಅವರು ಒಳಗೋಡೆ ಹಿಡಿದು ಪಕ್ಕದಿಂದ ಗುಂಡು ಹಾರಿಸತೊಡಗಿದ ಮೇಲೆಯೇ ಉತ್ತರದ ಗೋಡೆಯವರ ನಿಲುವು ಸಡಿಲವಾದದ್ದು.

ಮತ್ತೆ ಗರಗಸ ಹಿಡಿದೆ. ಕೋಟೆಯ ಬದಿಯ ಎರಡೂ ಹಲಗೆಗಳಲ್ಲಿ ಹೊರಗೋಡೆಯ ಹಿಂದೆ 9 ಸೆಂ.ಮೀ. ಅಗಲಕ್ಕೆ ಫೋಮನ್ನು ಪ್ಲೈವುಡ್ಡಿನವರೆಗೆ ತೆಗೆದು ಅಗಳು ಮಾಡಿದೆ; ಅದರ ಬದಿಗಳಿಗೆ ಕಲ್ಲಿನ ಗೆರೆ, ತಳಕ್ಕೆ ಪಾಚಿಗಟ್ಟಿದ ಹಸಿರು, ಎರಡು ಪದರ ರೆಸಿನ್. ತೆಗೆದ ಫೋಮಿನಲ್ಲೇ ಒಳಗೋಡೆ ಎದ್ದಿತು, ಹೊರಗಿನದಕ್ಕಿಂತ ಒಂದು ಸೆಂಟಿಮೀಟರ್ ಎತ್ತರ. ಮಣ್ಣಿನ ದಾರಿಯನ್ನು ಮೊದಲು 20 ಮಿ.ಮೀ. ಅಗಲಕ್ಕೆ ಮಾಡಿದ್ದೆ, 25 ಮಿ.ಮೀ. ಪೀಠ ಅದರ ಮೇಲೆ ನಿಲ್ಲದೆ ಅಗಳಿಗೆ ಉರುಳಿತು. 28 ಮಿ.ಮೀ.ಗೆ ಹಿಗ್ಗಿಸಿದೆ. ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಹುದು, ಇಬ್ಬರು ಸಾಲಾಗಿ ಹಿಡಿಸುವುದಿಲ್ಲ.

ಆ ದಾರಿಯನ್ನು ಅಂಟಿಸಿಲ್ಲ. ಎರಡು ತುದಿಗೂ 5 ಮಿ.ಮೀ. ಅಯಸ್ಕಾಂತಗಳನ್ನು ಹೂತಿದ್ದೇನೆ, ಕಿತ್ತರೆ ಬರುತ್ತದೆ. ಆಟಕ್ಕೆ ಮುನ್ನ ಕೋಟೆಯ ಪಕ್ಷದವನು ಬೇರೆ ಯಾವುದಾದರೂ ಒಂದು ರಕ್ಷಣೆಯನ್ನು ಬಿಟ್ಟುಕೊಟ್ಟು ಅದನ್ನು ತೆಗೆಸಿಬಿಡಬಹುದು, ಎಂದರೆ ಆ ಮಣ್ಣನ್ನು ಅಗೆಸಿಬಿಡಬಹುದು. ಹೋದ ಶನಿವಾರ ಅದರ ಮೇಲೆ ಕೊನೆಯ ಕೈ ಕೆಮ್ಮಣ್ಣು ಉದುರಿಸಿ, ಕೆಲಸದಾಳುಗಳದೆಂದು ಎರಡು ಬಿದಿರು ಬುಟ್ಟಿಗಳನ್ನೂ ಒಂದು ಗುದ್ದಲಿಯನ್ನೂ ಅಂಚಿನಲ್ಲಿಟ್ಟೆ. ಬುಟ್ಟಿಗಳನ್ನು ಹೆಣೆದದ್ದು ಅದೇ ಪೊರಕೆಕಡ್ಡಿಯ ಸೀಳಿನಿಂದ.